ನಾನು ಸತ್ತರೆ ಬಾಗಿಲು ಯಾರಿಗೆ ತೆಗೀತೀರಿ?

ಬೆಳಕು ಹರಿಯುವ ಹೊತ್ತಿಗೆ ಸರೋವರದ ಬುಸ್ವೀರಿ ದಡಕ್ಕೆ ಮುಕೆನೆ ಎಂಬ ಸಣ್ಣ ಮೀನು ಹಿಡಿಯುವ ದೋಣಿಗಳು ಒಂದೊಂದಾಗಿ ಬರುತ್ತಿವೆ. ಹೆಂಗಸರು ಬೇಸಿನ್ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದಿದ್ದಾರೆ. ಬೈಗುಳ, ನಗು, ಚೌಕಾಸಿ ಎಲ್ಲ ಒಟ್ಟಿಗೇ ನಡೆದಿದೆ. ಅಷ್ಟರಲ್ಲಿ ಒಂದು ದೋಣಿ ದಡಕ್ಕೆ ಬಾರದೆ ದೂರದಲ್ಲೇ ನಿಲ್ಲುತ್ತದೆ. ಅದರಲ್ಲಿದ್ದವನೊಬ್ಬ ಹುಟ್ಟನ್ನು ನೆಟ್ಟಗೆ ಮೇಲಕ್ಕೆತ್ತಿ ಹಿಡಿಯುತ್ತಾನೆ. ಕೂಗುವುದಿಲ್ಲ, ಕೈ ಬೀಸುವುದಿಲ್ಲ. ದಡದ ಗಲಾಟೆ ತಟ್ಟನೆ ಇಳಿಯುತ್ತದೆ. ನೀರಿನಲ್ಲಿ ಹೆಣ ಕಂಡಿದೆ ಎಂದು ಅದರ ಅರ್ಥ.

ಬೋರಲು ಹಾಕಿದ ದೋಣಿಯ ಮೇಲೆ ಕೂತು ಶುಂಠಿ ಚಹಾ ಕುಡಿಯುತ್ತಿದ್ದ ಕಿಬಿರಾಂಗೊ ಲೋಟ ಕೆಳಗಿಟ್ಟು ಏಳುತ್ತಾರೆ. ಅವಳಿ ಮಕ್ಕಳ ತಂದೆಯಾದ್ದರಿಂದ ಊರಿಗೆಲ್ಲ ಅವರು ಸಲೋಂಗೊ, ಅವರ ಹೆಂಡತಿ ನಾಲೋಂಗೊ. ಐವತ್ತರ ಆಸುಪಾಸಿನ ಗಟ್ಟಿ ಆಳು, ಎಡಗಣ್ಣಿನಲ್ಲಿ ಹೂವು ಬಿದ್ದಿದೆ. ಇನ್ನೊಂದು ದೋಣಿಯನ್ನು ನೀರಿಗೆ ನೂಕಿ, ಹುಟ್ಟು ಎತ್ತಿದವನ ಹತ್ತಿರಕ್ಕೆ ಹೋಗುತ್ತಾರೆ. ಈ ಲೇಖನಕ್ಕಾಗಿ ಅಂತ ಬಂದ ನಾನೂ ಹತ್ತಿ ಕೂತಿದ್ದೇನೆ.

"ಯಾವ ಕಡೆ?"

"ಮೊಸಳೆ ಬಂಡೆ ದಾಟಿ, ಜೊಂಡಿನ ಪಕ್ಕ. ಆದ್ರೆ ನಾವು ಏನೂ ನೋಡಿಲ್ಲ ಸಲೋಂಗೊ, ಆಯ್ತಾ?"

"ಆಯ್ತಪ್ಪ, ನೀವು ಕುರುಡರು. ಎಷ್ಟು ದೂರದಲ್ಲಿ ಕುರುಡರಾದ್ರಿ ಅಷ್ಟು ಹೇಳಿ ಸಾಕು."

ಮೀನುಗಾರರನ್ನು ಬೈದು ಪ್ರಯೋಜನವಿಲ್ಲ. ಹೆಣ ತಂದವನೇ ಮೊದಲ ಸಾಕ್ಷಿ. ಪೊಲೀಸ್ ಚೌಕಿಯ ಬೆಂಚಿನ ಮೇಲೆ ದಿನಗಟ್ಟಲೆ ಕೂತು, ನೀನೇ ತಳ್ಳಿದ್ಯಾ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಅಷ್ಟರಲ್ಲಿ ಬಲೆ ಒಣಗುತ್ತದೆ, ಮಕ್ಕಳ ಹೊಟ್ಟೆಯೂ ಒಣಗುತ್ತದೆ. ಹಾಗಾಗಿ ಹುಟ್ಟು ಎತ್ತಿ ಕೈ ತೊಳೆದುಕೊಳ್ಳುತ್ತಾರೆ. ಆ ಬೆಂಚಿನ ಮೇಲೆ ಈ ದಡದ ಎಲ್ಲರ ಪರವಾಗಿ ಕೂರುವವರು ಕಿಬಿರಾಂಗೊ. ಚೌಕಿಯವರು ಈಗೀಗ ಅವರಿಗೆ ಕುಶನ್ ಕೊಡುತ್ತಾರಂತೆ. ಅದನ್ನು ಅವರೇ ನಗುತ್ತ ಹೇಳಿದರು, ನನಗೆ ನಗು ಬರಲಿಲ್ಲ.

ಜೊಂಡಿನ ಬಳಿ ಸಿಕ್ಕವನು ಹುಡುಗಪ್ರಾಯದವನು. ಜೀವರಕ್ಷಕ ಕವಚ ತೊಟ್ಟಿದ್ದಾನೆ, ದಾರ ಕಟ್ಟಿಲ್ಲ. "ನೀವು ಆ ಕಡೆ ತಿರುಗಿ ನ್ಯಾಬೊ," ಎನ್ನುತ್ತಾರೆ. ಹೆಂಗಸರಿಗೆ ನ್ಯಾಬೊ, ಗಂಡಸರಿಗೆ ಸೆಬೊ, ಇಲ್ಲಿನ ಮರ್ಯಾದೆಯ ಮಾತು. ನಾನು ತಿರುಗುತ್ತೇನೆ. ಬೆನ್ನ ಹಿಂದೆ ನೀರು ಕಲಕುವ ಸದ್ದು, ಅವರ ಏದುಸಿರು, ದೋಣಿ ಒಂದು ಬದಿಗೆ ವಾಲಿದ್ದು, ಆಮೇಲೆ ತಾಡಪಾಲು ಎಳೆದ ಸದ್ದು.

ದಡಕ್ಕೆ ಬಂದ ಮೇಲೆ ಅವರು ಫೋನು ತೆಗೆದು ಚಿತ್ರ ಹಿಡಿಯುತ್ತಾರೆ. ಮುಖದ್ದಲ್ಲ. ಕೈ, ಕಿವಿ, ಅಂಗಿಯ ಗುಂಡಿ, ಬೆಲ್ಟಿನ ಬಕಲ್ಲು, ಹಳೆಯ ಗಾಯದ ಗುರುತು. "ನೀರು ಮೊದಲು ತಿನ್ನೋದು ಮುಖಾನೇ," ಎನ್ನುತ್ತಾರೆ. "ಮುಖ ತೋರಿಸಿದ್ರೆ ಹೆತ್ತವಳೂ ನನ್ನ ಮಗ ಅಲ್ಲ ಅಂತಾಳೆ. ಕೈ ತೋರಿಸಿದ್ರೆ ಹಾಗನ್ನಲ್ಲ."

ಪೊಲೀಸರು ಬರುವ ಮೊದಲೇ, ಅಲ್ಲೇ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೇ ಬೆರಳಿನಿಂದ ಅಕ್ಷರ ಒತ್ತುತ್ತ ತಮ್ಮ ವೆಬ್‌ಸೈಟಿನಲ್ಲಿ ಆ ಹುಡುಗನಿಗೊಂದು ಪುಟ ತೆರೆಯುತ್ತಾರೆ. ನೀಲಿ ಅಂಗಿ. ಬಲಗಿವಿಯಲ್ಲಿ ಸಣ್ಣ ತೂತು. ಹೆಬ್ಬೆರಳಿನ ಉಗುರು ಕಪ್ಪು. ಎಲ್ಲಿ ಸಿಕ್ಕಿದ, ಯಾವತ್ತು ಸಿಕ್ಕಿದ. ಕೊನೆಯ ಸಾಲು ಖಾಲಿ. ಯಾರೂ ಬರದೆ ಇಲ್ಲೇ ಹೂಳುವಂತಾದರೆ, ಯಾವ ಮರದ ಕೆಳಗೆ, ಯಾವ ಕಲ್ಲಿನ ಪಕ್ಕ ಎಂದು ಆ ಸಾಲಿನಲ್ಲಿ ಬರೆಯುತ್ತಾರೆ.

ಇಷ್ಟೇ ಅವರ ಕೆಲಸ. ಸಂಬಳವಿಲ್ಲ, ಹುದ್ದೆಯಿಲ್ಲ, ಗೋಡೆಗೆ ಹಾಕಿಕೊಳ್ಳಲು ಒಂದು ಪ್ರಮಾಣಪತ್ರವೂ ಇಲ್ಲ. ಹೆಣ ಹೊತ್ತ ದೋಣಿಯ ಮೀನನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅವರು ಮೀನು ಹಿಡಿಯುವುದನ್ನೇ ಬಿಟ್ಟಿದ್ದಾರೆ. ಅದೇ ದೋಣಿಯಲ್ಲಿ ದ್ವೀಪಗಳಿಂದ ಸೌದೆ, ಮರಳು ತಂದು ಮಾರುತ್ತಾರೆ. ಸೌದೆಗೆ ಮೈಲಿಗೆಯಿಲ್ಲವಲ್ಲ. ನಾಲೋಂಗೊ ದಡದ ಆ ತುದಿಯಲ್ಲಿ ಮುಕೆನೆ ಒಣಗಿಸಿ ಮಾರುತ್ತಾರೆ. ಹೊರಗಿನ ಗಿರಾಕಿ ಬಂದರೆ ತಾನು ಯಾರ ಹೆಂಡತಿ ಎಂದು ಹೇಳುವುದಿಲ್ಲ.

ಈ ಪುಟಗಳು ಯಾಕೆ ಬೇಕು ಎಂದು ದಡದವರನ್ನು ಕೇಳುವ ಅಗತ್ಯವಿಲ್ಲ. ಇಲ್ಲಿ ದುಡಿಯಲು ಬರುವವರಲ್ಲಿ ಅರ್ಧಕ್ಕರ್ಧ ಜನ ನೀರಿನ ಆಚೆಯ ದಡಗಳವರು. ಮೀನು ಹೋದ ಕಡೆ ಅವರೂ ಹೋಗುತ್ತಾರೆ. ಒಬ್ಬನ ಗುರುತುಚೀಟಿ ಇನ್ನೊಬ್ಬನ ಜೇಬಿನಲ್ಲಿರುತ್ತದೆ. ಕರೆಯುವ ಹೆಸರು ಅಡ್ಡಹೆಸರು. ಮುಳುಗಿದರೆ, ಅವನ ಊರು ಯಾವುದು, ತಾಯಿ ಯಾರು ಎಂದು ಪಕ್ಕದಲ್ಲಿ ಮಲಗುತ್ತಿದ್ದವನಿಗೂ ತಿಳಿಯುವುದಿಲ್ಲ. ಚೌಕಿಯ ಕಡತದಲ್ಲಿ 'ಗಂಡಸು, ಗುರುತು ಸಿಕ್ಕಿಲ್ಲ, ಹೂಳಲಾಗಿದೆ' ಎಂದಿರುತ್ತದೆ. ಅಲ್ಲಿಗೆ ಅವನ ಕಥೆ ಮುಗಿಯಿತು.

ಈ ಕಥೆಯನ್ನು ಹೀಗೆ ಮುಗಿಯಲು ಬಿಡಬಾರದು ಎಂದು ಹಟ ಹಿಡಿದವನು ಕಿಬಿರಾಂಗೊ ಅವರ ಅಣ್ಣ ವಾಲುಸಾಂಸಾ. ಪಟ್ಟಣದ ಶಾಲೆಯಲ್ಲಿ ಗಣಿತದ ಮೇಷ್ಟ್ರು. ತಮ್ಮನಾದವನು ಹೆಣ ಎತ್ತುತ್ತಾನೆ ಎಂದು ಮೂಗು ಮುರಿಯದೆ, "ನೀನು ಎತ್ತು, ನಾನು ಬರೀತೀನಿ" ಎಂದವನು. ಅವನು ತನ್ನ ಸ್ವಂತ ಹೆಸರಿನಲ್ಲೇ ಒಂದು ವೆಬ್‌ಸೈಟ್ ಮಾಡಿದ. ಅದನ್ನು ಇಡಲು ಜಾಗ ಕೊಡುವ ಕಂಪನಿಗಳ ಜಾಹೀರಾತನ್ನೆಲ್ಲ ನೋಡಿ, ಸಮುದ್ರದಾಚೆಯ ಒಂದನ್ನು ಆರಿಸಿದ. ಅಗ್ಗ, ವೇಗ, ಹಗಲೂ ರಾತ್ರಿ ಸಹಾಯ ಎಂದು ಬರೆದಿತ್ತು. ಆ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ನಗುವ ಹುಡುಗಿ, ಕಿವಿಗೆ ಮೈಕು. ಹೆಂಡತಿ ಮಕ್ಕಳ ಚಿತ್ರ ಹಾಕಿಕೊಳ್ಳುವವರಿಗೆ, ಕೇಕು ಮಾರುವವರಿಗೆ ಅದು ಸಾಕು. ಮೇಷ್ಟ್ರು ಅಲ್ಲಿಟ್ಟದ್ದು ಗೋರಿಗಳ ಗುರುತನ್ನು.

ಪುಟ ಬರೆಯುವ ಪಾಸ್‌ವರ್ಡನ್ನು ಮೇಷ್ಟ್ರು ತಮ್ಮನಿಗೂ ಕೊಟ್ಟಿದ್ದ. ಕಂಪನಿಯ ಖಾತೆಯ ಪಾಸ್‌ವರ್ಡು ಅವನೊಬ್ಬನ ತಲೆಯಲ್ಲೇ ಇತ್ತು. ಆ ತಲೆಯಲ್ಲೇ ಗಡ್ಡೆ ಬೆಳೆಯಿತು. ಆಸ್ಪತ್ರೆಗೆ ಸೇರಿಸಿ, ತಮ್ಮ ಹಗಲೂ ರಾತ್ರಿ ಪಕ್ಕದಲ್ಲೇ ಇದ್ದ ದಿನಗಳಲ್ಲೇ ನೀರಿನ ಮೇಲೆ ದೊಡ್ಡ ಬಿರುಗಾಳಿ ಎದ್ದು ಇಬ್ಬರು ಮುಳುಗಿದರು. ಕಿಬಿರಾಂಗೊ ಇಲ್ಲದ ಕಾರಣ ಚೌಕಿಯವರು ಯಾರನ್ನೋ ಕರೆತಂದು ಹೂಳಿಸಿದರು. ಹೂತವರು ಆಸ್ಪತ್ರೆಗೆ ಫೋನು ಮಾಡಿದಾಗ ತಮ್ಮನು ಔಷಧಿ ತರಲು ಹೊರಗೆ ಹೋಗಿದ್ದ. ಮೇಷ್ಟ್ರೇ ಫೋನು ಎತ್ತಿ, ಎಲ್ಲ ಕೇಳಿಕೊಂಡು, ಅವರು ಕಳಿಸಿದ ಚಿತ್ರಗಳನ್ನೂ ಸೇರಿಸಿ, ಮಂಚದ ಮೇಲೆ ಒರಗಿಯೇ ಎರಡು ಪುಟ ಬರೆದ. ಅವನು ಬರೆದ ಕೊನೆಯ ಪುಟಗಳು ಅವು.

"ನಾನೂ ಓದಿದ್ದೆ," ಎನ್ನುತ್ತಾರೆ ಕಿಬಿರಾಂಗೊ. "ಯಾವನನ್ನ ಯಾವ ಕಡೆ ಇಟ್ಟಿದ್ದಾರೆ ಅಂತ ಸರಿಯಾಗೇ ಬರೆದಿದ್ದ. ಬರೆದಿದೆಯಲ್ಲ, ಇನ್ನು ನಾನ್ಯಾಕೆ ನೆನಪಿಟ್ಕೊಳ್ಳಲಿ ಅಂತ ಬಿಟ್ಟೆ." ಇದನ್ನು ಹೇಳುವಾಗ ಅವರು ನನ್ನನ್ನು ನೋಡುವುದಿಲ್ಲ. ಹೂತವರು ಮೀನಿನ ಹಿಂದೆ ಬೇರೆ ದ್ವೀಪಕ್ಕೆ ಹೋದವರು ಮತ್ತೆ ಬಂದಿಲ್ಲ.

ಮೇಷ್ಟ್ರು ಸತ್ತ. ಅವನಿಗೆ ಹೆಣ್ಣುಮಕ್ಕಳು ಮಾತ್ರ. ಕುಲದ ಹಿರಿಯರು ಕೂಡಿ, ದುಃಖ ಮುಗಿಸುವ ದಿನ ತಮ್ಮನನ್ನೇ ಅವನ ಜಾಗದಲ್ಲಿ ಕೂರಿಸಿದರು. ಮರದ ತೊಗಟೆಯ ಬಟ್ಟೆ ಹೊದಿಸಿ, ಕೈಗೆ ಈಟಿ ಕೊಟ್ಟು, "ಇವತ್ತಿಂದ ವಾಲುಸಾಂಸಾ ಅಂದ್ರೆ ನೀನೇ" ಎಂದರು. ಅದು ಬಾಯಿಮಾತಲ್ಲ. ಅಣ್ಣನ ಮಕ್ಕಳಿಗೆ ಇವರೀಗ ಚಿಕ್ಕಪ್ಪ ಅಲ್ಲ, ಅಪ್ಪ. ಸೋದರತ್ತೆಯೂ ಇವರನ್ನು ವಾಲುಸಾಂಸಾ ಎಂದೇ ಕರೆಯುತ್ತಾಳೆ, ಅವನ ಮೇಲಿದ್ದ ಹಳೆಯ ಸಿಟ್ಟನ್ನೂ ಇವರ ಮೇಲೆ ತೀರಿಸಿಕೊಳ್ಳುತ್ತಾಳೆ. ನಮ್ಮಲ್ಲಿ ಸತ್ತವನ ಜಾಗ ಖಾಲಿ ಬಿಡುವುದಿಲ್ಲ.

ವೆಬ್‌ಸೈಟಿನ ವರ್ಷದ ಗಡುವು ಹತ್ತಿರ ಬಂದಾಗ, ಹಣ ಕಟ್ಟಲೆಂದು ಕಿಬಿರಾಂಗೊ ಕಂಪನಿಗೆ ಬರೆದರು. ಆ ಕಡೆಯವರು ಕೇಳಿದ್ದು ಸರಳವಾದ ಪ್ರಶ್ನೆ. ಈ ಖಾತೆ ಯಾರ ಹೆಸರಲ್ಲಿದೆಯೋ ಅವರು ನೀವೇನಾ?

"ಹೌದು, ನಾನೇ ವಾಲುಸಾಂಸಾ ಅಂತ ಬರೆದೆ. ಅದ್ರಲ್ಲಿ ಸುಳ್ಳೇನಿದೆ ಹೇಳಿ. ಹಿರಿಯರ ಮುಂದೆ ಹೊದಿಸಿದ್ದಾರೆ. ಅಲ್ಲ ಅಂದಿದ್ರೆ ಅಣ್ಣನಿಗೆ ದ್ರೋಹ ಮಾಡಿದ ಹಾಗೆ."

ಹಾಗಾದರೆ ಗುರುತುಚೀಟಿ ಕಳಿಸಿ ಎಂದರು. ಕಳಿಸಿದರು. ಅದರ ಮೇಲೆ ಕಿಬಿರಾಂಗೊ ಎಂದಿತ್ತು.

"ಇದು ಬೇರೆ ಹೆಸರು ಅಂದ್ರು. ಹೌದು, ವಾಲುಸಾಂಸಾ ಸತ್ತು ಹೋದ, ಈಗ ನಾನೇ ವಾಲುಸಾಂಸಾ ಅಂದೆ. ಇನ್ನೊಂದ್ಸಲ ಕೇಳಿದ್ರು. ಇನ್ನೊಂದ್ಸಲ ಅದನ್ನೇ ಹೇಳಿದೆ. ಸ್ವಲ್ಪ ಜೋರಾಗೇ ಬರೆದೆ, ದೊಡ್ಡ ಅಕ್ಷರದಲ್ಲಿ."

ಜೊತೆಗೆ, ವೆಬ್‌ಸೈಟಿನ ಮೊದಲ ಪುಟದಲ್ಲೇ ಮೇಷ್ಟ್ರ ಸಾವಿನ ಸುದ್ದಿಯನ್ನು ಫೋಟೋ ಸಮೇತ ಇವರೇ ಹಾಕಿದ್ದರು. ಸತ್ತವನ ಹೆಸರು ಹೇಳಿಕೊಂಡು ಯಾರೋ ಖಾತೆ ಕದಿಯಲು ಬಂದಿದ್ದಾರೆ ಎಂದು ಕಂಪನಿ ತೀರ್ಮಾನಿಸಿತು. ಅವತ್ತೇ ಎಲ್ಲವನ್ನೂ ಮುಚ್ಚಿತು. ಮರಣಪತ್ರ, ಹಿರಿಯರ ಕಾಗದ, ಪಾದ್ರಿಯ ಸಹಿ ಎಲ್ಲ ಕೂಡಿಸಿಕೊಂಡು ಮತ್ತೆ ಬರೆಯುವಷ್ಟರಲ್ಲಿ, ಮುಚ್ಚಿದ ಖಾತೆಯನ್ನು ಇಷ್ಟು ದಿನ ಇಟ್ಟು ಅಳಿಸಿಬಿಡುವುದು ನಮ್ಮ ನಿಯಮ, ಕ್ಷಮಿಸಿ ಎಂಬ ಉತ್ತರ ಬಂತು.

ಆ ಕಂಪನಿಯವರದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಿವಿಗೆ ಮೈಕು ಹಾಕಿಕೊಂಡು ಎಲ್ಲೋ ಕೂತವರಿಗೆ ತೊಗಟೆಯ ಬಟ್ಟೆಯ ವಿಷಯ ಏನು ಗೊತ್ತು? ನಾಳೆ ನನ್ನ ಖಾತೆಗೆ ಯಾರೋ ಬಂದು ನಾನೇ ಅವಳು ಎಂದರೆ ಒಳಗೆ ಬಿಡದಿರಲಿ ಎಂದೇ ನಾನೂ ಬಯಸುತ್ತೇನೆ. ಆದರೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು.

ಪುಟಗಳು ಅಳಿಸಿಹೋದ ಮೇಲೆ ಮಿನ್ ಔಕೊ ಬಂದರು.

ಔಕೊನ ತಾಯಿ ಎಂದಷ್ಟೇ ಆ ಹೆಸರಿನ ಅರ್ಥ. ಅವರ ಕಡೆ ಹೆಂಗಸರನ್ನು ಕರೆಯುವುದೇ ಹಾಗೆ. ನೀರಿನ ಪೂರ್ವದ ದಡದವರು, ವಯಸ್ಸಾದವರು. ಅವರ ಮಗಳು ಪಟ್ಟಣದಲ್ಲಿ ಯಾರದೋ ಫೋನಿನಲ್ಲಿ ಮೇಷ್ಟ್ರು ಬರೆದ ಪುಟವನ್ನು ಕಂಡಿದ್ದಳು. ಹಳದಿ ಅಂಗಿ, ಎಡ ಮಣಿಕಟ್ಟಿನಲ್ಲಿ ಸುಟ್ಟ ಗಾಯ. ಚಿಕ್ಕವನಿದ್ದಾಗ ಔಕೊ ಬಿಸಿ ಎಣ್ಣೆಗೆ ಕೈ ಹಾಕಿದ್ದು ಅವಳ ಕಣ್ಣೆದುರೇ. ಅವಳು ಆ ಮಣಿಕಟ್ಟಿನ ಚಿತ್ರವನ್ನು ತನ್ನ ಫೋನಿಗೆ ತೆಗೆದುಕೊಂಡಳು. ಕೆಳಗಿನ ಸಾಲನ್ನು ಬಿಟ್ಟಳು. ಗೋರಿ ಎಲ್ಲಿದೆ ಎಂದು ಇದ್ದದ್ದು ಆ ಸಾಲಿನಲ್ಲಿ. ಹೋದಾಗ ನೋಡಿದರಾಯಿತು, ಪುಟ ಎಲ್ಲಿಗೆ ಹೋಗುತ್ತದೆ ಎಂದುಕೊಂಡಳು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಕಿಬಿರಾಂಗೊ ಆಕೆಯನ್ನು ದಿಬ್ಬದ ಹಿಂದಿನ ಹೂಳುವ ಜಾಗಕ್ಕೆ ಕರೆದೊಯ್ದರು. ಬಿರುಗಾಳಿಯಲ್ಲಿ ಸತ್ತ ಇಬ್ಬರ ಗೋರಿ ಅಕ್ಕಪಕ್ಕದಲ್ಲಿವೆ. ಒಂದೇ ಉದ್ದ, ಒಂದೇ ಮಣ್ಣು, ತಲೆಯ ಕಡೆ ಒಂದೊಂದು ಕಲ್ಲು.

"ತಮ್ಮಾ, ಇದ್ರಲ್ಲಿ ನನ್ನವನು ಯಾವ ಕಡೆ ಇದ್ದಾನಪ್ಪ?"

"ಗೊತ್ತಿಲ್ಲಮ್ಮ."

"ನೀನೇ ಅಲ್ವಾ ಬರೆದಿದ್ದು?"

"ಬರೆದವನು ಸತ್ತ. ಬರೆದಿದ್ದೂ ಹೋಯ್ತು."

"ನೀನಿನ್ನೂ ಇದ್ದೀಯಲ್ಲಪ್ಪ. ನೀನಾದ್ರೂ ಹೇಳು."

ಬಟ್ಟೆಗಳನ್ನು ಆರೋಗ್ಯ ಇಲಾಖೆಯವರ ಮಾತಿನಂತೆ ಸುಟ್ಟಿದ್ದರು. ಸುಟ್ಟ ಗಾಯ ಚರ್ಮದ ಮೇಲಿನದು. ಮಣ್ಣಿನಲ್ಲಿ ಇಷ್ಟು ತಿಂಗಳ ಮೇಲೆ ಚರ್ಮ ಎಲ್ಲಿರುತ್ತದೆ? ಮೂಳೆ ಕೊಟ್ಟರೆ ರಾಜಧಾನಿಯಲ್ಲಿ ಪರೀಕ್ಷೆ ಮಾಡುತ್ತಾರಂತೆ, ಅದಕ್ಕೆ ಮೊದಲು ಗೋರಿ ಅಗೆಯಲು ಅನುಮತಿ ಬೇಕು. ಚೌಕಿಯ ಅಧಿಕಾರಿ ಕಟ್ಟುನಿಟ್ಟಾಗಿ ಹೇಳಿದರು, ಎರಡರಲ್ಲಿ ಒಂದು ಪರರ ಗೋರಿ, ಅವರ ಕಡೆಯವರು ಬಂದು ಒಪ್ಪದೆ ಎರಡಕ್ಕೂ ಗುದ್ದಲಿ ತಾಗಿಸುವಂತಿಲ್ಲ. ಊರ ಹಿರಿಯರೂ ಅದನ್ನೇ ಅಂದರು. ಅವರು ಅಂದದ್ದು ನ್ಯಾಯವೇ.

ಮಿನ್ ಔಕೊ ಎರಡು ಗೋರಿಗಳ ನಡುವಿನ ಕಿರುದಾರಿಯಲ್ಲಿ ಕೂತರು. ಆ ಕಡೆಗೊಂದು ಕೈ, ಈ ಕಡೆಗೊಂದು ಕೈ. ಅಳಲಿಲ್ಲ. ಆಕೆಯ ಊರಿನಲ್ಲಿ ದೇಹ ಸಿಗದೆ ಹೋದರೆ ಯಾಗೊ ಮರದ ಉದ್ದನೆಯ ಕಾಯಿಯನ್ನು ಮಗನೆಂದು ತಿಳಿದು ಮನೆಯ ಅಂಗಳದಲ್ಲಿ ಹೂಳುತ್ತಾರೆ. ಹಾಗೆ ಮಾಡಿ ದುಃಖ ಮುಗಿಸು ಎಂದು ಅಲ್ಲಿನವರು ಆಗಲೇ ಹೇಳಿ ಕಳಿಸಿದ್ದರು.

"ಕಾಯಿ ಹೂಳೋಕೆ ನನ್ನ ಮಗ ಕಳೆದು ಹೋಗಿಲ್ಲ," ಎಂದರಂತೆ ಆಕೆ. "ಇಲ್ಲೇ ಇದ್ದಾನೆ. ನನ್ನ ಕೈಗೆ ಸಿಗೋ ಹಾಗೇ ಇದ್ದಾನೆ. ಯಾವ ಕೈಗೆ ಅಂತ ಗೊತ್ತಿಲ್ಲ ಅಷ್ಟೇ."

ಅವತ್ತು ನಾಲೋಂಗೊ ಮಾಡಿಕೊಟ್ಟ ಮೀನು, ಜೋಳದ ಮುದ್ದೆಯನ್ನು ಆಕೆ ಎರಡು ಪಾಲು ಮಾಡಿ ಎರಡೂ ಕಲ್ಲಿನ ಮುಂದೆ ಇಟ್ಟರು. ತಾನು ತಿನ್ನಲಿಲ್ಲ. ನಾಲೋಂಗೊ ಇದನ್ನು ದೂರದಿಂದ ನೋಡುತ್ತ ನಿಂತಿದ್ದರು.

ಕಿಬಿರಾಂಗೊ ಹೊಸ ಕಂಪನಿ ಹುಡುಕಲು ರಾಜಧಾನಿಗೆ ಹೊರಟದ್ದು ಇದಾದ ಮೇಲೆ. ಅವರು ಜಾಹೀರಾತು ನೋಡಲಿಲ್ಲ. ಬಾಗಿಲಿರುವ ಕಂಪನಿ ಬೇಕು ಎಂದು ನಿರ್ಧರಿಸಿದ್ದರು. ಹೋಗಿ ತಟ್ಟಬಹುದಾದ ಬಾಗಿಲು. ಮೊದಲ ಕಚೇರಿ ಗಾಜಿನ ಕಟ್ಟಡದಲ್ಲಿತ್ತು. ಟೈ ಕಟ್ಟಿದ ಯುವಕ ಎಷ್ಟು ಜಾಗ, ಎಷ್ಟು ವೇಗ, ಬೆಳ್ಳಿ ಯೋಜನೆಯೋ ಚಿನ್ನದ ಯೋಜನೆಯೋ ಎಂದೆಲ್ಲ ಹೇಳಿದ. ಇವರು ಕೇಳಿದ್ದು ಒಂದೇ ಪ್ರಶ್ನೆ.

"ನಾನು ಸತ್ತರೆ ಬಾಗಿಲು ಯಾರಿಗೆ ತೆಗೀತೀರಿ?"

"ಅಯ್ಯೋ ಸೆಬೊ! ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತು? ನೂರು ವರ್ಷ ಬಾಳ್ತೀರಿ. ಚಿನ್ನದ್ದೇ ತಗೊಳ್ಳಿ."

"ನೂರು ವರ್ಷ ಆದಮೇಲೆ ಯಾರಿಗೆ ತೆಗೀತೀರಿ?"

ಯುವಕ ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಇಮೇಲ್ ಯಾರ ಕೈಯಲ್ಲಿದೆಯೋ ಅವರಿಗೆ ಎಂದ. ಇಮೇಲ್ ಸತ್ತವನ ಜೊತೆ ಹೋದರೆ? ಅವನು ಚಿನ್ನದ ಯೋಜನೆಯ ಕರಪತ್ರವನ್ನೇ ಮತ್ತೆ ಇವರತ್ತ ಸರಿಸಿದ. ಎರಡನೆಯ ಕಂಪನಿಯ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಹೆಂಗಸರ ಕೂದಲು ಹೆಣೆಯುವ ಅಂಗಡಿ. ಕಂಪನಿ ಎಂದರೆ ಆ ಅಂಗಡಿಯವಳ ಭಾವ, ಅವನ ಒಂದು ಲ್ಯಾಪ್‌ಟಾಪು. ಭಾವ ಊರಲ್ಲಿರಲಿಲ್ಲ. "ನಿಂಗೂ ಕೂದಲು ಹೆಣೆದು ಕಳಿಸ್ಲಾ ಜಜ್ಜಾ? ನಾಲ್ಕು ಉಳಿದಿದೆಯಲ್ಲ," ಎಂದು ಅಲ್ಲಿದ್ದ ಹುಡುಗಿಯರು ಅಜ್ಜನೆಂದು ಕರೆದು ಛೇಡಿಸಿದರಂತೆ. "ಹೆಣೀರಿ, ಬಿಚ್ಚೋಕೆ ನೀವಾದ್ರೂ ಸಿಗ್ತೀರಿ," ಎಂದು ಹೇಳಿ ಬಂದರಂತೆ. ಬಸ್ಸು ಹತ್ತಿ, ಇಳಿದು, ಮೆಟ್ಟಿಲು ಹತ್ತಿ, ಇಳಿದು, ವಾರಗಟ್ಟಲೆ ಅದೇ ಪ್ರಶ್ನೆ. ಒಂದು ಕಡೆ ಕಾವಲುಗಾರನೇ ಹೊರಗೆ ಅಟ್ಟಿದ. ಸಾವಿನ ಮಾತಾಡುವವನು ಮಾಟಗಾರನಿರಬೇಕು ಎಂದು ಅವನಿಗೆ ಅನುಮಾನ.

ಕೊನೆಗೆ ಸಿಕ್ಕಿದ್ದು ಅಚ್ಚುಮನೆಗಳ ಬೀದಿಯ ಮಹಡಿಯ ಮೇಲಿನ ಒಂದು ಕಿರುಕಚೇರಿ. ಕೆಮಿಗೀಸಾ ಎಂಬ ಮಧ್ಯವಯಸ್ಸಿನ ಹೆಂಗಸು ನಡೆಸುವ ಪುಟ್ಟ ಸಂಸ್ಥೆ. ಚರ್ಚುಗಳ, ಶಾಲೆಗಳ ವೆಬ್‌ಸೈಟುಗಳಿಗೆ ಜಾಗ ಕೊಡುತ್ತದೆ. ಅಗ್ಗವೂ ಅಲ್ಲ, ವೇಗವೂ ಅಲ್ಲ. ಪ್ರಶ್ನೆ ಕೇಳಿ ಕೆಮಿಗೀಸಾ ನಗಲಿಲ್ಲ. ಯಾಕೆ ಕೇಳುತ್ತೀರಿ ಎಂದರು. ಇವರು ಮಿನ್ ಔಕೊ ವಿಷಯ ಹೇಳಿದರು.

"ಇನ್ನೊಂದು ಹೆಸರು ಕೊಡಿ," ಎಂದರು ಕೆಮಿಗೀಸಾ. "ನಿಮ್ಮದೂ ಬರ್ಕೋತೀನಿ, ಅವರದೂ ಬರ್ಕೋತೀನಿ. ಆದ್ರೆ ಬರೀ ಹೆಸರು ಸಾಲದು ಸೆಬೊ. ಆ ವ್ಯಕ್ತಿ ಇಲ್ಲಿಗೆ ಬಂದು ನನ್ನೆದುರು ಕೂರಬೇಕು. ನಾನು ಮುಖ ನೋಡ್ಬೇಕು. ನನ್ನ ಪಾಲುದಾರರೂ ನೋಡ್ಬೇಕು, ನಾನೂ ಸಾಯ್ತೀನಲ್ಲ."

ಸರಿಯಾದ ಉತ್ತರ ಸಿಕ್ಕಿತ್ತು. ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಬದುಕಿರುವಾಗಲೇ ತನ್ನ ನಂತರ ಯಾರು ಎಂದು ಬಾಯಿಬಿಟ್ಟು ಹೇಳುವವರು ನಮ್ಮಲ್ಲಿಲ್ಲ. ಉಯಿಲಿನಲ್ಲಿ ಮುಚ್ಚಿಟ್ಟ ಹೆಸರು ಹೂತ ಮೇಲೆ ತೆರೆಯುತ್ತದೆ, ಹಿರಿಯರು ಒಪ್ಪುತ್ತಾರೆ. ಮೊದಲೇ ಹೆಸರು ಹೊರಬಿದ್ದರೆ, ಹೇಳಿದವನು ಸಾವನ್ನು ಕೂಗಿ ಕರೆದ ಹಾಗೆ. ಆಮೇಲೆ ಅವನಿಗೆ ಸಣ್ಣ ಜ್ವರ ಬಂದರೂ ಎಲ್ಲರ ಕಣ್ಣು ಹೆಸರಿದ್ದವನ ಮೇಲೆ. ಕಿಬಿರಾಂಗೊ ತಮ್ಮ ಇಬ್ಬರು ಸೋದರಸಂಬಂಧಿಗಳನ್ನು ಕೇಳಿದರು. ಒಬ್ಬ ಕೇಳಿಸಿಕೊಳ್ಳದವನಂತೆ ಎದ್ದು ಹೋದ. ಇನ್ನೊಬ್ಬ, "ಅಣ್ಣಾ, ನನ್ನ ಮೇಲೆ ಏನಾದ್ರೂ ಸಿಟ್ಟಿದ್ರೆ ನೇರವಾಗಿ ಹೊಡೆದುಬಿಡು" ಎಂದ. ಅವಳಿ ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಅವರ ಹೆಸರೆತ್ತುವ ಧೈರ್ಯ ಇವರಿಗೇ ಇರಲಿಲ್ಲ.

ಮನೆಯಲ್ಲಿ ನಾಲೋಂಗೊ ಕೆಂಡವಾದರು.

"ಸಲೋಂಗೊ, ನಿಮಗೆ ತಲೆ ನೆಟ್ಟಗಿದೆಯಾ? ಹೆಣ ಎತ್ತೋದು ಸಾಲ್ದು ಅಂತ ನಿಮ್ಮ ಹೆಣಾನೂ ಊರಿಗೆಲ್ಲ ತೋರಿಸ್ತೀರಾ?"

"ಮತ್ತೇನು ಮಾಡ್ಲಿ? ನಾನೂ ಹೋದ್ರೆ ಇದೂ ಹೋಗುತ್ತೆ. ಇನ್ನೊಬ್ಬ ತಾಯಿ ಬಂದು ಎರಡು ಗೋರಿ ಮಧ್ಯೆ ಕೂರಬೇಕಾ?"

ಗಂಡ ಹೆಂಡತಿ ಮಾತು ಬಿಟ್ಟರು. ಆ ದಿನಗಳಲ್ಲಿ ಮಿನ್ ಔಕೊ ಎರಡನೆಯ ಸಲ ಬಂದರು. ಇವರ ಮನೆಯಲ್ಲೇ ಉಳಿದರು. ಬಂದಾಗಲೆಲ್ಲ ಅದೇ ಜಾಗ, ಎರಡರ ನಡುವೆ, ಎರಡು ಪಾಲು ಅನ್ನ. ಆಕೆ ಊರಿಗೆ ಮರಳಿದ ಮರುದಿನ ನಾಲೋಂಗೊ ಹಬ್ಬದ ಗೊಮೆಸಿ ಉಟ್ಟು, ಸೊಂಟದ ಪಟ್ಟಿ ಬಿಗಿದು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ?" ಎಂದರು ಇವರು.

"ನಿಮ್ಮ ಮಹಡಿ ಮೇಲಿನ ಹೆಂಗಸಿನ ಹತ್ರ. ಈಟಿ ನಿಮ್ಮ ಕುಲದವರು ಯಾರಿಗಾದ್ರೂ ಕೊಡ್ಲಿ, ಅದು ನಂಗೆ ಬೇಡ. ಈ ಪಾಸ್‌ವರ್ಡು ನಂಗೆ ಕೊಡಿ. ಜನ ನನ್ನನ್ನ ಗಂಡನ್ನ ತಿನ್ನೋಳು ಅಂದ್ರೆ ಅನ್ಲಿ."

ಜನ ಅಂದರು. ಈಗಲೂ ಅನ್ನುತ್ತಾರೆ. ಅವರ ಒಣಮೀನಿನ ಚಾಪೆಯ ಮುಂದೆ ಊರಿನ ಗಿರಾಕಿಗಳು ನಿಲ್ಲುವುದು ಕಡಿಮೆಯಾಗಿದೆ. ಕಳೆದ ಮಳೆಗಾಲದಲ್ಲಿ ಕಿಬಿರಾಂಗೊ ಅವರಿಗೆ ಮಲೇರಿಯಾ ಬಂದಾಗ ಸೋದರತ್ತೆ ಚಾಪೆ ಸಮೇತ ಬಂದು ಮನೆಯಲ್ಲೇ ಠಿಕಾಣಿ ಹಾಕಿದಳು; ನಾಲೋಂಗೊ ಮಾಡಿದ ಗಂಜಿಯನ್ನು ಮೊದಲು ತಾನು ರುಚಿ ನೋಡಿದಳು. "ಕೊನೆಗೆ ಅರ್ಧ ಗಂಜಿ ಅವಳೇ ಕುಡೀತಿದ್ಲು," ಎಂದು ನಾಲೋಂಗೊ ನನಗೆ ಹೇಳಿದರು. ನಕ್ಕರು. ನಕ್ಕು ಮುಗಿದ ಮೇಲೆ, "ನಂಗೂ ಭಯ ಇದೆ. ಇವರಿಗೆ ಏನಾದ್ರೂ ಆದ್ರೆ ನನ್ನನ್ನ ಈ ದಡದಲ್ಲಿ ಇರೋಕೆ ಬಿಡಲ್ಲ," ಎಂದರು.

ಹೊಸ ವೆಬ್‌ಸೈಟ್ ಶುರುವಾಗಿದೆ. ಹಳೆಯ ಪುಟಗಳು ಮರಳಿ ಬರಲಿಲ್ಲ. ಕಿಬಿರಾಂಗೊ ನೆನಪಿದ್ದಷ್ಟನ್ನು ಮತ್ತೆ ಬರೆದಿದ್ದಾರೆ. ಬಹಳ ಗೋರಿಗಳಿಗೆ ನೆನಪಾಗಲಿ ಪುಟವಾಗಲಿ ಇಲ್ಲ. ಆ ಜಾಗದಲ್ಲಿ ನಡೆಯುವಾಗ ಅವರು ಪ್ರತಿ ಕಲ್ಲಿನ ಬಳಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಾರೆ. ಏನಾದರೂ ಹೊಳೆಯಬಹುದು ಎಂದು ಕಾಯುತ್ತಾರೆ ಎಂದುಕೊಂಡೆ.

ಒಂದು ಪುಟವನ್ನು ಮಾತ್ರ ಅವರು ಮೊದಲ ಪುಟದಲ್ಲೇ, ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾರೆ. ಅದರಲ್ಲಿ ಇಬ್ಬರಿದ್ದಾರೆ. ಅವರ ಸರಳ ಇಂಗ್ಲಿಷಿನಲ್ಲಿ, ಸ್ವಾಹಿಲಿಯಲ್ಲಿ, ನಮ್ಮ ಭಾಷೆಯಲ್ಲಿ ಮೂರು ಸಲ ಬರೆದದ್ದರ ಸಾರ ಇಷ್ಟು: ಈ ಎರಡು ಗೋರಿಗಳಲ್ಲಿ ಒಂದರಲ್ಲಿ ಔಕೊ ಇದ್ದಾನೆ. ಇನ್ನೊಂದರಲ್ಲಿ ಇರುವವನು ತೆಳ್ಳಗಿದ್ದ, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಯಾವುದು ಯಾರದು ಎಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಿತ್ತು. ಇವನು ನಿಮ್ಮವನು ಅನ್ನಿಸಿದರೆ ದಯವಿಟ್ಟು ಬನ್ನಿ. ಕೆಳಗೆ ಅವರ ಫೋನು ಸಂಖ್ಯೆ, ಅದರ ಕೆಳಗೆ ನಾಲೋಂಗೊ ಅವರದು.

ಅಧಿಕಾರಿಯ ಮಾತು ಈಗಲೂ ಅದೇ. ಇನ್ನೊಬ್ಬನ ಕಡೆಯವರು ಬಂದು ಒಪ್ಪಿದರೆ ಎರಡನ್ನೂ ಅಗೆಯಬಹುದು, ಮೂಳೆಗಳನ್ನು ಪರೀಕ್ಷೆಗೆ ಕಳಿಸಬಹುದು, ಒಬ್ಬೊಬ್ಬರು ತಮ್ಮವನನ್ನು ಮನೆಗೆ ಒಯ್ಯಬಹುದು. ಮಿನ್ ಔಕೊ ಕಾಯುತ್ತಿದ್ದಾರೆ. ಈ ಸಲ ಬಂದಾಗ ಅವರ ನಡಿಗೆ ನಿಧಾನವಾಗಿತ್ತು. ದಿಬ್ಬ ಹತ್ತುವಾಗ ನಾಲೋಂಗೊ ಕೈ ಹಿಡಿದಿದ್ದರು.

ಪೊಲೀಸರು ನೀಲಿ ಅಂಗಿಯ ಹುಡುಗನನ್ನು ಒಯ್ದಿದ್ದಾರೆ. ಕಿಬಿರಾಂಗೊ ದೋಣಿ ತೊಳೆಯುತ್ತಿದ್ದಾರೆ. ಪತ್ರಿಕೆಯಲ್ಲಿ ಬರುತ್ತೀರಿ, ಓದುವವರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತೇನೆ. ನನ್ನ ವಿಷಯ ಬೇಡ ಬಿಡಿ ಎಂದು ಮೊದಲು ನಾಚುತ್ತಾರೆ. ಆಮೇಲೆ ತೊಳೆಯುವ ಕೈ ನಿಲ್ಲಿಸುತ್ತಾರೆ.

"ಆ ಒಂದೇ ಚಪ್ಪಲಿಯವನಿಗೂ ತಾಯಿ ಅಂತ ಒಬ್ಬಳು ಇರ್ತಾಳಲ್ಲ. ಎಲ್ಲೋ ಕೂತು ಅವಳೂ ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತಿರ್ತಾಳೆ. ಅವಳು ಬರೋ ತನಕ ಆ ಪುಟ ಇರ್ಬೇಕು ನ್ಯಾಬೊ.

"ನಾನು ಇರ್ಬೇಕು ಅಂತೇನಿಲ್ಲ."